ವಿಜ್ಞಾನದ ಬಯಲಾಟ

ನಮ್ಮ ಸುರಪುರ ಸೀಮೆಯಲ್ಲಿ ಅಕ್ಷರವನ್ನರಿಯದ ಮುದುಕರು ಸಹ ಕರ್ಣನ ದಾನವನ್ನೂ ಅಭಿಮನ್ಯುವಿನ ಮರಣವನ್ನೂ ತಮ್ಮ ಮನೆತನದ ಸಂಗತಿಗಳೋ ಎಂಬಂತೆ ವಿವರಿಸಿ ಹೇಳಬಲ್ಲರು. ಇದನ್ನು ಅವರು ಯಾವ ಪುಸ್ತಕದಲ್ಲಿ ಓದಿದರು? ಓದಲಿಲ್ಲ, ಅಗಸಿಯ ಮುಂದಿನ ಬಯಲಿನಲ್ಲಿ ಕಂಡರು. ಸುಗ್ಗಿ ಮುಗಿದ ಮೇಲೆ ಅಟ್ಟವನ್ನು ಕಟ್ಟಿ, ಕಂದೀಲು ಹಚ್ಚಿ, ಬೆಳಕು ಹರಿಯುವ ತನಕ ದೊಡ್ಡಾಟವನ್ನಾಡುತ್ತಿದ್ದ ಕಾಲದಲ್ಲಿ ಅದಕ್ಕೆ ಪ್ರವೇಶಧನವೆಂಬದು ಇದ್ದಿಲ್ಲ. ಕೂಸನ್ನು ಮಡಿಲಲ್ಲಿಟ್ಟ ತಾಯಿ, ಕೌದಿ ಹೊದ್ದ ಮುತ್ಯಾ, ದನಕಾಯುವ ಹುಡುಗ, ಗೌಡರ ಮನೆಯ ಸೊಸೆ ಎಲ್ಲರೂ ಆ ಬಯಲಿನಲ್ಲಿಯೇ ಕುಳಿತು ನೋಡಿದರು. ಮರುದಿವಸ ಹೊಲದಲ್ಲಿ ಕೆಲಸ ಮಾಡುವಾಗ ಅದನ್ನೇ ಕುರಿತು ಮಾತಾಡಿದರು, ವಾದಿಸಿದರು, ಕಣ್ಣೀರಿಟ್ಟರು. ಹೀಗೆ ಭಾರತವು ನಮ್ಮ ಮನೆಗಳನ್ನು ಹೊಕ್ಕಿತು.

ಪುರಾಣಕ್ಕೆ ದೊರೆತ ಈ ಬಯಲು ವಿಜ್ಞಾನಕ್ಕೆ ದೊರೆಯಿತೇ ಎಂಬ ವಿಚಾರವು ಕೆಲವು ವರ್ಷಗಳಿಂದ ನನ್ನನ್ನು ಬಿಡದೆ ಹಿಂಬಾಲಿಸುತ್ತಿರುವದು. ಬೆಳಕಿನ ವಕ್ರೀಭವನವೆಂದರೇನೆಂಬದನ್ನು ನಮ್ಮ ಹುಡುಗರು ತಪ್ಪಿಲ್ಲದೆ ಒಪ್ಪಿಸುವರು. ಆದರೆ ನೀರಿನ ಕೊಪ್ಪರಿಗೆಯಲ್ಲಿ ಇಳಿಬಿಟ್ಟ ಕೋಲು ಮುರಿದಂತೆ ಕಾಣುವದನ್ನು ತಾಯಿಗೆ ತೋರಿಸಿ ಅದರ ಕಾರಣವನ್ನು ಹೇಳಿದ ಹುಡುಗನನ್ನು ನಾನು ಕಂಡದ್ದು ವಿರಳ. ಮಕ್ಕಳಿಗೂ ಅವರ ಮನೆಯವರಿಗೂ ಒಟ್ಟಾಗಿ, ಯಾರಿಂದಲೂ ಒಂದು ಕಾಸನ್ನು ತೆಗೆದುಕೊಳ್ಳದೆ, ವಿಜ್ಞಾನದ ಪ್ರಯೋಗಗಳನ್ನು ತೋರಿಸುವ ಕಾರ್ಯವು ನಮ್ಮ ಹಳ್ಳಿಗಳಿಗೆ ಎಷ್ಟು ಅವಶ್ಯವಾದದ್ದೆಂಬದನ್ನು ವಾಚಕ ಮಹಾಶಯರ ಮುಂದಿಡುವದೇ ಈ ಲೇಖನದ ಉದ್ದೇಶವಾಗಿರುವದು.

ನಾನು ವಿಜ್ಞಾನದ ಪದವೀಧರನಲ್ಲ. ಸಂಸ್ಕೃತ ಪಾಠಶಾಲೆಯಲ್ಲಿ ಕಾವ್ಯ, ವ್ಯಾಕರಣ, ತರ್ಕಗಳನ್ನು ಓದಿ, ಆಮೇಲೆ ಮೂವತ್ತು ವರ್ಷಕ್ಕೆ ಮಿಕ್ಕಿ ಮಕ್ಕಳಿಗೆ ಪಾಠ ಹೇಳಿ ನಿವೃತ್ತನಾದವನು. ಆದರೂ ಅನ್ನಂಭಟ್ಟನ ತರ್ಕಸಂಗ್ರಹವನ್ನು ಓದಿದವನಿಗೆ ಈ ವಿಷಯದಲ್ಲಿ ಮಾತಾಡಲು ತುಸು ಅಧಿಕಾರವುಂಟೆಂದು ಭಾವಿಸುವೆನು. ನೈಯಾಯಿಕರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು ಪ್ರಮಾಣಗಳನ್ನು ಹೇಳಿ ಪ್ರತ್ಯಕ್ಷವನ್ನು ಮೊದಲಿಗಿಟ್ಟರು. ಬೆಟ್ಟದ ಮೇಲೆ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯಿರಬೇಕೆಂದು ನಿಶ್ಚಯಿಸುವ ಪ್ರಸಿದ್ಧವಾದ ಅನುಮಾನಕ್ಕೆ ಅವರು ಕೊಟ್ಟ ದೃಷ್ಟಾಂತವು ಅಡಿಗೆಮನೆ. ಹೊಗೆಯಿದ್ದಲ್ಲಿ ಬೆಂಕಿಯುಂಟೆಂಬ ನಿಯಮವನ್ನು ಮನುಷ್ಯನು ಒಲೆಯ ಮುಂದೆ ಮತ್ತೆ ಮತ್ತೆ ನೋಡಿ ಕಲಿಯುವನು. ಹಾಗಾದರೆ ನಮ್ಮ ಪೂರ್ವಿಕರ ಪ್ರಕಾರ ಅಡಿಗೆಮನೆಯೇ ಮೊದಲ ಪ್ರಯೋಗಶಾಲೆಯಾಯಿತು.

ನಮ್ಮ ಅನೇಕ ಶಾಲೆಗಳಲ್ಲಿಯಾದರೋ ವಿಜ್ಞಾನವು ಶಬ್ದಪ್ರಮಾಣವಾಗಿಯೇ ಉಳಿಯಿತು. ನಾನು ಕೆಲಸ ಮಾಡಿದ ಶಾಲೆಯೊಂದರಲ್ಲಿ ಪ್ರಯೋಗದ ಸಾಮಾನುಗಳು ಇರಲಿಲ್ಲವೆಂದಲ್ಲ, ಇದ್ದವು. ಒಡೆದಾವೆಂಬ ಭಯದಿಂದ ಅವುಗಳನ್ನು ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಹುಡುಗರು ಹೊರಗೆ ನಿಂತು ಭೂತಗನ್ನಡಿಯ ಚಿತ್ರವನ್ನು ಅಚ್ಚುಕಟ್ಟಾಗಿ ಬರೆದುಕೊಂಡರು. ಅದರ ಮೂಲಕ ಒಂದು ಇರುವೆಯನ್ನು ನೋಡುವ ಭಾಗ್ಯವು ಅವರಿಗೆ ಬರಲಿಲ್ಲ.

ಪ್ರಯೋಗವನ್ನು ಜನರ ಮುಂದೆ ಮಾಡಿ ತೋರಿಸುವ ಪದ್ಧತಿಯು ಲೋಕಕ್ಕೆ ಹೊಸದಲ್ಲ. ಲಂಡನ್ ಪಟ್ಟಣದ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಎಳೆಯರಿಗಾಗಿ ಕ್ರಿಸ್‌ಮಸ್ ಉಪನ್ಯಾಸಗಳು 1825ರಲ್ಲಿ ಆರಂಭವಾದವು. ಅವುಗಳನ್ನು ಬೆಳೆಸಿದ ಮೈಕೆಲ್ ಫ್ಯಾರಡೆಯು ಕಮ್ಮಾರನ ಮಗ. ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗ. 1812ರಲ್ಲಿ ಅಂಗಡಿಗೆ ಬರುತ್ತಿದ್ದ ಗಿರಾಕಿಯೊಬ್ಬನು ಅವನಿಗೆ ಹಂಫ್ರಿ ಡೇವಿಯ ಉಪನ್ಯಾಸಗಳ ಚೀಟಿಗಳನ್ನು ಕೊಟ್ಟನು. ಹುಡುಗನು ಹೋಗಿ ಕೇಳಿದನು, ನೋಡಿದನು, ಎಲ್ಲವನ್ನು ಬರೆದುಕೊಂಡು ರಟ್ಟು ಕಟ್ಟಿ ಡೇವಿಗೆ ಕಳುಹಿದನು. ಮರುವರ್ಷ ಅಲ್ಲಿಯೇ ಸಹಾಯಕನಾದನು. ಇಂದು ನಮ್ಮ ಊರಿನ ಬೀಸುವ ಗಿರಣಿಯನ್ನು ತಿರುಗಿಸುವ ವಿದ್ಯುತ್ತಿನ ಮೂಲತತ್ತ್ವವನ್ನು ಕಂಡುಹಿಡಿದವನು ಅವನೇ. ಆ ಚೀಟಿಯು ದೊರೆಯದಿದ್ದರೆ ಲೋಕಕ್ಕೆ ಎಷ್ಟು ನಷ್ಟವಾಗುತ್ತಿತ್ತೆಂಬದನ್ನು ಯೋಚಿಸಿರಿ. ಬೆಲೆಯಿಲ್ಲದೆ ತೋರಿಸಬೇಕೆಂದು ನಾನು ಹಟ ಹಿಡಿಯುವದಕ್ಕೆ ಇದೇ ಕಾರಣ. ಯಾವ ಅಂಗಡಿಯಲ್ಲಿ ಯಾವ ಹುಡುಗನು ಕುಳಿತಿರುವನೋ ಬಲ್ಲವರಾರು? ಮುಂದೆ ಈ ಫ್ಯಾರಡೆಯೇ 1848ರಲ್ಲಿಯೂ 1860ರಲ್ಲಿಯೂ ಮಕ್ಕಳ ಮುಂದೆ ಒಂದು ಮೇಣದ ಬತ್ತಿಯನ್ನು ಹಚ್ಚಿಟ್ಟು, ಆ ಉರಿಯೊಂದರಿಂದಲೇ ವಾಯು, ಜಲ, ಉಸಿರಾಟಗಳ ರಹಸ್ಯವನ್ನೆಲ್ಲ ವಿವರಿಸಿದನು. ಬತ್ತಿಗೆ ಬದಲಾಗಿ ನಮ್ಮ ಹಣತೆಯು ಸಾಕು.

ನಮ್ಮ ದೇಶದಲ್ಲಿ ಡಾಕ್ಟರ್ ಮಹೇಂದ್ರಲಾಲ ಸರ್ಕಾರರು ಅದೇ ಮಾದರಿಯ ಸಂಸ್ಥೆಯನ್ನು ಕಲ್ಕತ್ತೆಯಲ್ಲಿ 1876ರಲ್ಲಿ ಸ್ಥಾಪಿಸಿ ಸಾರ್ವಜನಿಕ ಉಪನ್ಯಾಸಗಳನ್ನು ನಡೆಯಿಸಿದರು. 1907ರಲ್ಲಿ ಕಚೇರಿಯ ಕೆಲಸ ಮುಗಿಸಿ ಆ ಸಂಸ್ಥೆಯ ಬಾಗಿಲನ್ನು ತಟ್ಟಿದ ತರುಣ ಅಧಿಕಾರಿಯೇ ಸಿ. ವಿ. ರಾಮನ್ನರು. ಅವರು ಮುಂದೆ 1933ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದ ಬಳಿಕ ತಮ್ಮ ಸಂಶೋಧನಾಲಯದಲ್ಲಿ ಗಾಂಧಿ ಜಯಂತಿಯಂದು ಸಾರ್ವಜನಿಕರಿಗೆ ಉಪನ್ಯಾಸ ಕೊಡುತ್ತಿದ್ದರು. ಬೆಂಗಳೂರಿನ ನ್ಯಾಷನಲ್ ಕಾಲೇಜಿನಲ್ಲಿ ಡಾಕ್ಟರ್ ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆಯನ್ನು ಹುಟ್ಟುಹಾಕಿ, ವಾರವಾರವೂ ಯಾರು ಬೇಕಾದರೂ ಬಂದು ಕೇಳಬಹುದಾದ ಉಪನ್ಯಾಸಗಳನ್ನೂ ವರ್ಷಕ್ಕೊಮ್ಮೆ ವಿಜ್ಞಾನೋತ್ಸವವನ್ನೂ ಏರ್ಪಡಿಸಿದರು. ಭಾರತೀಯ ವಿಜ್ಞಾನ ಸಂಸ್ಥೆಯವರು ವರ್ಷಕ್ಕೆ ಒಂದು ದಿನ ತಮ್ಮ ಬಾಗಿಲುಗಳನ್ನೆಲ್ಲ ತೆರೆದು, ಹೆಂಗಸರು ಮಕ್ಕಳೆನ್ನದೆ ಬಂದವರಿಗೆಲ್ಲ ತಮ್ಮ ಯಂತ್ರಗಳನ್ನು ತೋರಿಸುವರು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು 1980ರಲ್ಲಿ ಸ್ಥಾಪಿತವಾಯಿತು. ನಮ್ಮ ವಿಭಾಗಕ್ಕೆ ಹೆಮ್ಮೆಯಾಗುವಂತೆ 1984ರಲ್ಲಿ ಕಲಬುರಗಿಯಲ್ಲಿ ಜಿಲ್ಲಾ ವಿಜ್ಞಾನ ಕೇಂದ್ರವೂ ತೆರೆಯಿತು. ಇವೆಲ್ಲವೂ ಸ್ತುತ್ಯವಾದ ಕಾರ್ಯಗಳು.

ಆದರೆ ಬೋನಾಳದಿಂದ ಕಲಬುರಗಿಯು ನೂರು ಕಿಲೋಮೀಟರಿಗೂ ದೂರ. ಶಾಲೆಯ ಪ್ರವಾಸದಲ್ಲಿ ನಮ್ಮ ಮಗು ಒಮ್ಮೆ ಅಲ್ಲಿಗೆ ಹೋಗಿ ಬಂದೀತು. ಆದರೆ ಹತ್ತಿ ಬಿಡಿಸಲು ಹೋಗುವ ಅದರ ತಾಯಿಯು ಹೋದಾಳೇ? 2011ರ ಜನಗಣತಿಯಂತೆ ನಮ್ಮ ಯಾದಗಿರಿ ಜಿಲ್ಲೆಯಲ್ಲಿ ಅಕ್ಷರಸ್ಥರು ನೂರಕ್ಕೆ 52ರಷ್ಟಕ್ಕೂ ತುಸು ಕಡಿಮೆ. ಇಡೀ ರಾಜ್ಯದಲ್ಲಿ ಕಟ್ಟಕಡೆಯ ಸ್ಥಾನ ನಮ್ಮದು. ಇಂಥ ಮನೆಗಳಲ್ಲಿ ಮಗುವಿಗೆ ಜ್ವರ ಬಂದರೆ ಏನು ಮಾಡಬೇಕು, ಹಾವು ಕಚ್ಚಿದರೆ ಎಲ್ಲಿಗೆ ಒಯ್ಯಬೇಕು, ಗ್ರಹಣ ಹಿಡಿದರೆ ಯಾರು ಒಳಗಿರಬೇಕು ಎಂಬವನ್ನು ನಿರ್ಣಯಿಸುವವರು ಹಿರಿಯರೇ ಹೊರತು ಏಳನೆಯ ಇಯತ್ತೆಯ ಹುಡುಗಿಯಲ್ಲ. ಹುಡುಗಿಯು ಸಾಲೆಯಲ್ಲಿ ಕಲಿತದ್ದು ಹೊಸ್ತಿಲ ಹೊರಗೆ ಚಪ್ಪಲಿಯ ಸಂಗಡ ಉಳಿಯುವದು. ಹಿರಿಯರೂ ಮಗುವಿನ ಪಕ್ಕದಲ್ಲಿ ಕುಳಿತು ಅದನ್ನೇ ಕಂಡಿದ್ದರೆ ಮಾತ್ರ ಆ ವಿದ್ಯೆಯು ಒಳಗೆ ಬಂದೀತು.

ಇದು ಬರಿಯ ತರ್ಕದ ಮಾತಲ್ಲ. 2019ರ ದಶಂಬರ 26ರಂದು ಸೂರ್ಯಗ್ರಹಣವಾಯಿತು. ಕಾಸರಗೋಡು, ಮಂಗಳೂರು, ಕೊಡಗುಗಳ ಕಡೆಗೆ ಅದು ಕಂಕಣಗ್ರಹಣ, ನಮ್ಮಲ್ಲಿ ಖಂಡಗ್ರಾಸ. ಆ ದಿನ ಕಲಬುರಗಿಯ ಸಮೀಪದ ಹಳ್ಳಿಯೊಂದರಲ್ಲಿ ಅಂಗವಿಕಲರಾದ ಮಕ್ಕಳನ್ನು, ಅವರ ಊನವು ಪರಿಹಾರವಾಗಲೆಂದು, ಕುತ್ತಿಗೆಯ ಮಟ ಮಣ್ಣಿನಲ್ಲಿ ಹೂತು ನಿಲ್ಲಿಸಿದ್ದರು. ಪತ್ರಿಕೆಗಳಲ್ಲಿ ಬಂದ ಆ ಚಿತ್ರವನ್ನು ನೋಡಿ ಅನೇಕರು ಆ ತಂದೆತಾಯಿಗಳನ್ನು ಹಳಿದರು. ನನಗಾದರೋ ಹಳಿಯಲು ಬಾಯಿ ಬರಲಿಲ್ಲ. ಮಗು ನಡೆದಾಡಲೆಂಬ ಆಶೆಯಿಂದ ಅವರು ಗುಂಡಿ ತೋಡಿದರು; ಅಲ್ಲಿ ಪ್ರೀತಿಗೆ ಕೊರತೆಯಿದ್ದಿಲ್ಲ. ಗ್ರಹಣವೆಂದರೆ ನೆರಳೆಂಬದನ್ನು ಒಮ್ಮೆಯಾದರೂ ಅವರ ಅಂಗಳದಲ್ಲಿ ಯಾರಾದರೂ ತೋರಿಸಿದ್ದರೇ? ಸೂರ್ಯನಿಗೂ ನಮಗೂ ನಡುವೆ ಚಂದ್ರನು ಅಡ್ಡ ಬರುವನೆಂದು ಆರ್ಯಭಟನು 499ರಲ್ಲಿಯೇ ಬರೆದಿಟ್ಟನು. ಸಾವಿರದ ಐನೂರಕ್ಕೂ ಮಿಕ್ಕಿ ವರ್ಷಗಳಾದರೂ ಆ ಮಾತು ಗ್ರಂಥದಿಂದ ಆ ಅಂಗಳಕ್ಕೆ ಬಂದು ಮುಟ್ಟಲಿಲ್ಲ.

ಪಾಠಶಾಲೆಗಳಲ್ಲಿಯೂ ಸ್ಥಿತಿಯು ಬೇರೆಯಾಗಿದ್ದಿಲ್ಲ. 1980ರ ಫೆಬ್ರವರಿ 16ರಂದು ಅಂಕೋಲೆ, ಹುಬ್ಬಳ್ಳಿ, ರಾಯಚೂರುಗಳ ಮೇಲೆ ಖಗ್ರಾಸ ಗ್ರಹಣವು ಹಾಯ್ದುಹೋದಾಗ ನಾನು ವಿದ್ಯಾರ್ಥಿ. ನಮ್ಮ ಗುರುಗಳು ಸ್ಪರ್ಶ, ಮಧ್ಯ, ಮೋಕ್ಷಗಳ ಕಾಲವನ್ನು ಗಣಿತದಿಂದ ಬಿಡಿಸಿ ತೋರಿಸಿದರು. ಚಂದ್ರನ ಬಿಂಬ ಎಷ್ಟು, ಸೂರ್ಯನ ಬಿಂಬ ಎಷ್ಟು ಎಂಬದೆಲ್ಲ ಮರಳಹಲಗೆಯ ಮೇಲೆ ಮೂಡಿತು. ಆ ಗಳಿಗೆಯು ಬಂದಾಗ ಮಾತ್ರ ಕಿಟಕಿಗಳನ್ನೆಲ್ಲ ಮುಚ್ಚಿ ನಮ್ಮನ್ನು ಜಪಕ್ಕೆ ಕೂಡ್ರಿಸಿದರು. ಹೊರಗೆ ಓಣಿಗಳು ನಿರ್ಜನವಾಗಿದ್ದವು, ಹಕ್ಕಿಗಳ ಸದ್ದಡಗಿತು. ಜ್ಯೋತಿಷವು ಪ್ರತ್ಯಕ್ಷಶಾಸ್ತ್ರ, ಅದಕ್ಕೆ ಸೂರ್ಯಚಂದ್ರರೇ ಸಾಕ್ಷಿಗಳೆಂದು ಪ್ರಾಚೀನರು ಹೇಳಿದ್ದುಂಟು. ಆ ದಿನ ಸಾಕ್ಷಿಯು ಬಂದು ಬಾಗಿಲಲ್ಲಿ ನಿಂತಿತ್ತು, ನಾವು ಬಾಗಿಲನ್ನು ತೆರೆಯಲಿಲ್ಲ. ಬರಿಗಣ್ಣಿನಿಂದ ಸೂರ್ಯನನ್ನು ನೋಡಬಾರದೆಂಬ ಹಿರಿಯರ ಎಚ್ಚರಿಕೆಯು ಯುಕ್ತವಾದದ್ದೇ. ಹಾಗೆ ನೋಡಿದರೆ ಕಣ್ಣಿನ ಒಳಪದರವು ಸುಟ್ಟು ದೃಷ್ಟಿಯು ಶಾಶ್ವತವಾಗಿ ಕೆಡಬಹುದು. ಮಸಿ ಹಿಡಿದ ಗಾಜೂ ಎಕ್ಸರೇ ಹಾಳೆಯೂ ರಕ್ಷಣೆಯನ್ನು ಕೊಡಲಾರವು. ಆದರೆ ಸೂರ್ಯನ ಕಡೆಗೆ ಬೆನ್ನು ತಿರುಗಿಸಿ ನೆಲವನ್ನು ನೋಡಲು ಯಾವ ಅಪಾಯವೂ ಇಲ್ಲ.

2019ರ ಗ್ರಹಣದಂದು ನಾನು ಅದನ್ನೇ ಮಾಡಿದೆನು. ಬೆಳಗಿನ ಎಂಟು ಗಂಟೆಯ ಸುಮಾರಿಗೆ ಮನೆಯ ಜೋಳದ ಸಾಣಿಗೆಯನ್ನು ಹಿಡಿದುಕೊಂಡು ಓಣಿಯಲ್ಲಿ ನಿಂತೆನು. ಮೊದಲು ನಾಲ್ಕೈದು ಹುಡುಗರು ಬಂದರು. ಸಾಣಿಗೆಯನ್ನು ನೆಲಕ್ಕೆ ಸಮೀಪ ಹಿಡಿದಾಗ ಬರಿಯ ತೂತುಗಳ ಆಕಾರವು ಬಿದ್ದಿತು. ಮೇಲಕ್ಕೆತ್ತಿದಂತೆ ಬೆಳಕಿನ ಚುಕ್ಕೆಗಳು ಹಿಗ್ಗಿ ಒಂದರ ಮೇಲೊಂದು ಬಿದ್ದು ಕಲಸಿಹೋದವು. ಬಾಗಿಲ ಸಂದಿಯಿಂದ ನೋಡುತ್ತಿದ್ದ ನೆರೆಮನೆಯ ವೃದ್ಧೆಯೊಬ್ಬಳು, “ತೂತು ಭಾಳ ಆದ್ವು ಮಾಸ್ತರ, ಕೆಲವು ಮುಚ್ಚರಿ” ಎಂದು ಒಳಗಿನಿಂದಲೇ ಕೂಗಿದಳು. ಕೂಗಿದ್ದಷ್ಟೇ ಅಲ್ಲ, ನಾದಿಟ್ಟ ಹಿಟ್ಟನ್ನು ತಾನೇ ತಂದು, ಅಲ್ಲೊಂದು ಇಲ್ಲೊಂದು ತೂತನ್ನು ಬಿಟ್ಟು ಉಳಿದವನ್ನು ಮೆತ್ತಿದಳು. ಎದೆಯೆತ್ತರಕ್ಕೆ ಸಾಣಿಗೆಯನ್ನೆತ್ತಿದೊಡನೆ ನೆಲದ ಮೇಲೆ ಹತ್ತಾರು ಸೂರ್ಯರು ಬಿದ್ದರು. ಒಬ್ಬೊಬ್ಬನೂ ಕುಡಗೋಲಿನಂತೆ ಬಾಗಿದ್ದನು. ತೂತು ದುಂಡಗೆ, ಬೆಳಕು ಮಾತ್ರ ಕುಡಗೋಲು! ಬೇವಿನ ಗಿಡದ ಕೆಳಗೆ ನೋಡಿದರೆ ಎಲೆಗಳ ಸಂದಿಯಿಂದ ಬಿದ್ದ ಬಿಸಿಲೂ ಹಾಗೆಯೇ ಇದ್ದಿತು. ಪ್ರತಿಯೊಂದು ಸಣ್ಣ ರಂಧ್ರವೂ ಸೂರ್ಯನ ಬಿಂಬವನ್ನು ನೆಲದ ಮೇಲೆ ಬರೆಯುವದೆಂದೂ, ನಾವು ದಿನಾಲೂ ಮರದ ನೆರಳಿನಲ್ಲಿ ಕಾಣುವ ದುಂಡಗಿನ ಚುಕ್ಕೆಗಳು ಸೂರ್ಯನ ಬಿಂಬಗಳೇ ಎಂದೂ ಹೇಳಿದೆನು. ಅಷ್ಟರಲ್ಲಿ ಓಣಿಯ ಅರ್ಧ ಬಾಗಿಲುಗಳು ತೆರೆದಿದ್ದವು.

“ಅಂದ್ರ ಇದು ನೆಳ್ಳಽ ಏನ್ರಿ?” ಎಂದು ಆ ವೃದ್ಧೆಯು ಕೇಳಿದಳು. “ಹೌದಮ್ಮ, ಚಂದ್ರನ ನೆರಳು” ಎಂದೆನು. ಗ್ರಹಣ ಬಿಟ್ಟ ಮೇಲೆ ಆಕೆಯು ಎಂದಿನಂತೆ ಸ್ನಾನ ಮಾಡಿದಳು, ಮನೆಯನ್ನು ಸಾರಿಸಿದಳು. ಅದನ್ನು ನಾನು ತಡೆಯಲಿಲ್ಲ. ತಡೆಯುವ ಅಗತ್ಯವೂ ಇದ್ದಿಲ್ಲ. ಸ್ನಾನದಿಂದ ಯಾರಿಗೂ ಕೇಡಿಲ್ಲ. ಆದರೆ ಗರ್ಭಿಣಿಯಾಗಿದ್ದ ಸೊಸೆಯನ್ನು ಕತ್ತಲೆಯ ಕೋಣೆಯಲ್ಲಿ ಅನ್ನನೀರಿಲ್ಲದೆ ಕೂಡ್ರಿಸಿದ್ದವಳು, ನೆಲದ ಮೇಲಿನ ಕುಡಗೋಲುಗಳನ್ನು ನೋಡಿದ ಬಳಿಕ ತಾನಾಗಿಯೇ ಒಳಗೆ ಹೋಗಿ ಆಕೆಗೆ ನೀರು ಕೊಟ್ಟು ಬಂದಳು. ನನ್ನ ಮೂವತ್ತು ವರ್ಷಗಳ ಪಾಠದಲ್ಲಿ ಗ್ರಹಣದ ಚಿತ್ರವನ್ನು ಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೆನೋ ಲೆಕ್ಕವಿಲ್ಲ. ಆ ಚಿತ್ರದಿಂದ ಯಾವ ಸೊಸೆಗೂ ಒಂದು ತಂಬಿಗೆ ನೀರು ದೊರೆತ ವರ್ತಮಾನವು ನನಗೆ ಬಂದಿಲ್ಲ.

ಗ್ರಹಣವು ಎಂದೋ ಒಮ್ಮೆ ಬರುವದು. ನೆರಳಾದರೋ ದಿನದಿನವೂ ಇರುವದು. ನಮ್ಮ ಸಿದ್ಧಾಂತಗ್ರಂಥಗಳ ಜ್ಯೋತಿಷಿಗಳು ಹನ್ನೆರಡು ಅಂಗುಲದ ಶಂಕುವೊಂದನ್ನು ನೆಟ್ಟು ಅದರ ನೆರಳಿನಿಂದ ದಿಕ್ಕನ್ನೂ ಕಾಲವನ್ನೂ ಅಕ್ಷಾಂಶವನ್ನೂ ಅಳೆದರು. ಹಗಲಿರುಳು ಸಮವಾಗುವ ದಿನ ನಡುಹಗಲಿನಲ್ಲಿ ಬೀಳುವ ನೆರಳಿಗೆ ಪಲಭಾ ಎಂದು ಹೆಸರಿಟ್ಟರು; ನಮ್ಮ ಬೋನಾಳದಲ್ಲಿ ಅದು ಸುಮಾರು ಮೂರೂವರೆ ಅಂಗುಲವಾಗುವದು. ಮೇ ತಿಂಗಳ 6ನೆಯ ತಾರೀಖಿನ ಸುಮಾರಿಗೆ ಮಧ್ಯಾಹ್ನ ಹನ್ನೆರಡೂ ಇಪ್ಪತ್ತರ ಹೊತ್ತಿಗೆ ಸೂರ್ಯನು ನಮ್ಮ ನೆತ್ತಿಯ ಮೇಲೆ ನೆಟ್ಟಗೆ ಬರುವದರಿಂದ ಶಂಕುವಿನ ನೆರಳು ಇಲ್ಲವಾಗುವದು. ಅಗಸ್ಟಿನ ಮೊದಲನೆಯ ವಾರದ ಕೊನೆಗೆ ಮತ್ತೊಮ್ಮೆ ಹಾಗಾಗುವದು, ಮೋಡವಿರದಿದ್ದರೆ. ಬೆಂಗಳೂರಿನಲ್ಲಿ ಈ ನೆರಳಿಲ್ಲದ ದಿನವು ಏಪ್ರಿಲ್ 24ರ ಸುಮಾರಿಗೇ ಬಂದುಹೋಗಿರುವದು. ನಮ್ಮ ನೆರಳು ಮಾಯವಾದ ನಡುಹಗಲಿನಲ್ಲಿ ಬೆಂಗಳೂರಿನ ಶಂಕುವು ದಕ್ಷಿಣಕ್ಕೆ ಸುಮಾರು ಮುಕ್ಕಾಲು ಅಂಗುಲದ ನೆರಳನ್ನು ಚೆಲ್ಲುವದು. ಇದು ಮೂರೂವರೆ ಅಂಶಕ್ಕಿಂತ ತುಸು ಹೆಚ್ಚಾದ ಕೋನ, ಅಂದರೆ ಪೂರ್ಣ ವೃತ್ತದ ಸುಮಾರು ನೂರನೆಯ ಒಂದು ಪಾಲು. ಎರಡೂರಿಗೆ ದಕ್ಷಿಣೋತ್ತರವಾಗಿ ದೂರವು ಸುಮಾರು 400 ಕಿಲೋಮೀಟರು. ನೂರರಿಂದ ಗುಣಿಸಿದರೆ ಭೂಮಿಯ ಸುತ್ತಳತೆಯು 40,000 ಕಿಲೋಮೀಟರೆಂದು ತಿಳಿಯುವದು. ಬೋನಾಳದ ಹುಡುಗಿಯೊಬ್ಬಳು ಬೆಂಗಳೂರಿಗೆ ಕೆಲಸಕ್ಕೆ ಹೋದ ತನ್ನ ಅಣ್ಣನಿಗೆ ದೂರವಾಣಿಯಲ್ಲಿ ಮಾತಾಡಿ, ಒಂದು ಕಡ್ಡಿ, ಒಂದು ಅಳತೆಪಟ್ಟಿಗಳಿಂದ ಭೂಮಿಯನ್ನೇ ಅಳೆಯಬಲ್ಲಳು! ಇದಕ್ಕಿಂತ ಕಡಿಮೆ ಖರ್ಚಿನ ಬಯಲಾಟವು ಯಾವದುಂಟು?

ಇಂಥ ಪ್ರದರ್ಶನಗಳನ್ನು ಕುರಿತು ಎರಡು ಆಕ್ಷೇಪಗಳು ಬರುವವು. ಜನರು ಇದನ್ನು ಇಂದ್ರಜಾಲವೆಂದು ನೋಡಿ ಚಪ್ಪಾಳೆ ತಟ್ಟಿ ಹೋಗುವರೆಂಬದು ಮೊದಲನೆಯದು. ಕೆಲವು ಪ್ರದರ್ಶನಗಳಲ್ಲಿ ಹಾಗಾಗುವದು ನಿಜ. ಹೊಗೆ, ಬಣ್ಣ, ಸದ್ದುಗಳಿಂದ ಕಣ್ಣು ಕೋರೈಸುವದು. ಕಾರಣ ತಿಳಿಯುವ ಮುಂಚೆಯೇ ಆಟ ಮುಗಿಯುವದು. ಗಾರುಡಿಗನು ತನ್ನ ಕೈಚಳಕವನ್ನು ಮುಚ್ಚುವನು, ಉಪಾಧ್ಯಾಯನು ಅದನ್ನು ಬಿಚ್ಚಿ ತೋರಿಸಿ ನೋಡಿದವನ ಕೈಯಲ್ಲಿಯೇ ಮಾಡಿಸಬೇಕು. ದೊಡ್ಡಾಟಕ್ಕೂ ವಿಜ್ಞಾನದ ಆಟಕ್ಕೂ ಇರುವ ಭೇದವು ಇಲ್ಲಿಯೇ. ಅಲ್ಲಿ ಪ್ರೇಕ್ಷಕನು ಅಟ್ಟದ ಮೇಲೆ ಏರಿದರೆ ಆಟ ಕೆಡುವದು. ಇಲ್ಲಿ ಏರದಿದ್ದರೆ ಕೆಡುವದು. ಹಿಟ್ಟು ತಂದ ಆ ವೃದ್ಧೆಯನ್ನು ನೆನೆಯಿರಿ.

ಇದರಿಂದ ಜನರ ಶ್ರದ್ಧೆಗೆ ಭಂಗ ಬರುವದೆಂಬದು ಎರಡನೆಯ ಆಕ್ಷೇಪ. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ 1976ರಲ್ಲಿ ಪವಾಡಗಳನ್ನು ಪರೀಕ್ಷಿಸುವ ಸಮಿತಿಯನ್ನು ನೇಮಿಸಿದಾಗ ದೊಡ್ಡ ವಾಗ್ವಾದವೇ ನಡೆಯಿತು. ಅವರ ಧೈರ್ಯವನ್ನು ನಾನು ಗೌರವಿಸುವೆನು. ಆದರೆ ಹಳ್ಳಿಯ ಬಯಲಿನಲ್ಲಿ ವಾದದಿಂದ ಆರಂಭಿಸಬೇಕಾಗಿಲ್ಲವೆಂದು ನನ್ನ ಅನುಭವವು ಹೇಳುವದು. ನಿಮ್ಮ ನಂಬಿಕೆ ಸುಳ್ಳೆಂದರೆ ಬಾಗಿಲು ಮುಚ್ಚುವದು; ಬನ್ನಿ, ನೋಡಿರಿ ಎಂದರೆ ತೆರೆಯುವದು. ನೋಡಿದ ಮೇಲೆ ಪ್ರಶ್ನೆ ಕೇಳುವ ಕೆಲಸವನ್ನು ಅವರೇ ಮಾಡುವರು. ತರ್ಕಶಾಸ್ತ್ರವನ್ನು ಶ್ರದ್ಧೆಯಿಂದ ಓದಿದ ನಮ್ಮ ಗುರುಪರಂಪರೆಗೆ ಪ್ರಶ್ನೆಯು ಎಂದೂ ಶತ್ರುವಾಗಿದ್ದಿಲ್ಲ.

ಇನ್ನು ಆಚರಣೆಯ ಮಾತು. ನಮ್ಮ ಸಾಹಿತ್ಯಸಂಘಗಳು ಪುಸ್ತಕ ಬಿಡುಗಡೆ, ಕವಿಗೋಷ್ಠಿಗಳ ಸಂಗಡ ವರ್ಷಕ್ಕೆ ನಾಲ್ಕು ಸಲ ವಿಜ್ಞಾನದ ಬಯಲಾಟವನ್ನು ಏರ್ಪಡಿಸಲು ಅಡ್ಡಿಯೇನು? ಅದು ಸಂಜೆ, ಕೂಲಿಯ ಕೆಲಸದಿಂದ ಜನರು ಮರಳಿದ ಮೇಲೆ ನಡೆಯಬೇಕು. ನೆರಳಿನ ಆಟವನ್ನು ಮಾತ್ರ ರಜೆಯ ನಡುಹಗಲಿನಲ್ಲಿ ಇಡಬೇಕು. ಊರ ಮಾತಿನಲ್ಲಿಯೇ ನಡೆಯಬೇಕು. ಸಾಮಾನುಗಳು ಮನೆಯವೇ ಆಗಿರಬೇಕು, ಮರುದಿನ ಮಗುವು ತಾನೇ ಮಾಡಿ ನೋಡುವಂತೆ. ಮುಂದಿನ ಸಾಲು ಮಾನ್ಯರಿಗಲ್ಲದೆ ಅಜ್ಜಿಯರಿಗೂ ಮಕ್ಕಳಿಗೂ ಮೀಸಲಾಗಿರಬೇಕು. ಪ್ರಯೋಗವು ಕೈಗೂಡದಿದ್ದರೆ ಏಕೆ ಕೈಗೂಡಲಿಲ್ಲವೆಂಬದನ್ನು ಎಲ್ಲರೂ ಕೂಡಿ ಹುಡುಕಬೇಕು. ಸ್ಥಳಕ್ಕಾದರೂ ನಮಗೆ ಬಡತನವಿಲ್ಲ. ಸುರಪುರದ ನಾಯಕ ಅರಸರ ಕಾಲದ ನಮ್ಮ ಬೋನಾಳದ ಕೆರೆಯ ಏರಿಯಿದೆ. ತಲೆಯ ಮೇಲೆ ಎರಡು ಕಪ್ಪು ಪಟ್ಟೆಗಳುಳ್ಳ ಹೆಬ್ಬಾತುಗಳು ಚಳಿಗಾಲದಲ್ಲಿ ಹಿಮಾಲಯವನ್ನೇ ದಾಟಿ ಬಂದು ಅಲ್ಲಿಳಿಯುವವು. ಅಷ್ಟೆತ್ತರದ ತೆಳು ಗಾಳಿಯಲ್ಲಿ ಅವು ಹೇಗೆ ಉಸಿರಾಡಿದವೆಂದು ಕೇಳುತ್ತ ಆರಂಭಿಸಿದರೆ ಒಂದು ಸಂಜೆಗೆ ಸಾಕಾಗುವಷ್ಟು ಪಾಠವು ದೊರೆಯುವದು.

2031ರ ಮೇ 21ರಂದು ಕೇರಳ, ತಮಿಳುನಾಡುಗಳ ಮೇಲೆ ಮತ್ತೊಂದು ಕಂಕಣಗ್ರಹಣವು ಹಾಯಲಿರುವದು. ನಮ್ಮ ಜಿಲ್ಲೆಗೆ ಅದು ಖಂಡಗ್ರಾಸವಾಗಿ ಕಾಣುವದು. ಆ ದಿನವು ಬರುವದರೊಳಗೆ ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳ ಪ್ರತಿಯೊಂದು ಹಳ್ಳಿಯಲ್ಲಿ ಸಾಣಿಗೆ ಹಿಡಿದು ನಿಲ್ಲಬಲ್ಲ ಒಬ್ಬ ಮಾಸ್ತರನನ್ನೋ ಒಬ್ಬ ಹುಡುಗಿಯನ್ನೋ ನಾವು ಸಿದ್ಧಪಡಿಸಬೇಕು. ಅಂದು ಮಕ್ಕಳಿಗಾಗಿ ಯಾರೂ ಗುಂಡಿಯನ್ನು ತೋಡದಿದ್ದರೆ ನಮ್ಮ ಪ್ರಯತ್ನವು ಫಲಿಸಿತೆಂದು ತಿಳಿಯಬಹುದು. ಈ ಕಾರ್ಯಕ್ಕೆ ಕೈಗೂಡಿಸಬಯಸುವ ಉಪಾಧ್ಯಾಯ ಮಿತ್ರರು ಬರುವ ಮೇ ತಿಂಗಳ ನೆರಳಿಲ್ಲದ ಮಧ್ಯಾಹ್ನಕ್ಕೆ ತಮ್ಮ ತಮ್ಮ ಊರಿನಲ್ಲಿ ಹನ್ನೆರಡು ಅಂಗುಲದ ಒಂದು ಕಡ್ಡಿಯನ್ನು ನೆಟ್ಟು, ಮನೆಯ ಹಿರಿಯರನ್ನು ಕರೆದು ನಿಲ್ಲಿಸಿಕೊಂಡು ಆರಂಭಿಸಲಿ ಎಂದು ಪ್ರಾರ್ಥಿಸುವೆನು.